ಪ್ರಜ್ವಲನ ಕಾರಿನ ಬ್ಯಾಟರಿ ಬಗ್ಗೆ

ಪ್ರಜ್ವಲ್, ನಿನ್ನ ಮೆಸೇಜ್ ನೋಡಿದೆ. ಶಾರ್ಜಾದಲ್ಲಿ ತೆಗೆದುಕೊಂಡ 1992ರ ಮಜ್ದಾ ಮಿಯಾಟಾ ಸ್ಪೋರ್ಟ್ಸ್ ಕಾರಿನ ಬ್ಯಾಟರಿ ಹೋಗಿದೆ, ಅಂಗಡಿಯವನು ಅರ್ಧ ಬೆಲೆಗೆ ಆಸಿಡ್ ನೀರಿನ ಮಾಮೂಲಿ ಬ್ಯಾಟರಿ ಕೂರಿಸಿ ಕೊಡುತ್ತಾನಂತೆ, ಹಾಕಿಸಲಾ ಅಂತ ಕೇಳಿದ್ದೀಯ. ಬೇಡ ಮಗಾ, ಖಂಡಿತ ಬೇಡ.

ಯಾಕೆ ಹೇಳುತ್ತೇನೆ ಕೇಳು. ನಮ್ಮ ಮಂಗಳೂರಲ್ಲಿ ಓಡುವ ಆಲ್ಟೊ, ಸ್ವಿಫ್ಟ್‌ಗಳಿಗೆಲ್ಲ ಬ್ಯಾಟರಿ ಬಾನೆಟ್ ಕೆಳಗೆ ಉಂಟು. ಅಲ್ಲಿ ಗಾಳಿ ಆಡುತ್ತದೆ. ಮಿಯಾಟಾದ್ದು ಹಾಗಲ್ಲ. 1989ರಲ್ಲಿ ಬಂದ ಮೊದಲ ಮಾಡೆಲ್‌ಗೂ ಅದರ ನಂತರದ್ದಕ್ಕೂ ಬ್ಯಾಟರಿ ಡಿಕ್ಕಿಯಲ್ಲೇ ಇರುವುದು. 2005ರ ಮೂರನೇ ಮಾಡೆಲ್‌ನಲ್ಲಿ ಮಾತ್ರ ಅದು ಮುಂದೆ ಹೋಯಿತು. ಚಾರ್ಜ್ ಆಗುವಾಗ ಬ್ಯಾಟರಿಯ ನೀರು ಒಡೆದು ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ಸೇರಿದರೂ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಮುಚ್ಚಿದ ಡಿಕ್ಕಿಯಲ್ಲಿ ಅದು ಎಲ್ಲಿಗೆ ಹೋಗಬೇಕು? ಜೊತೆಗೆ ಬರುವ ಆಸಿಡ್ ಹಬೆ ಸುತ್ತಲಿನ ತಗಡನ್ನು ತಿನ್ನುತ್ತದೆ. ಮೂವತ್ತು ವರ್ಷ ದಾಟಿದ ಕಾರಿಗೆ ಆ ತುಕ್ಕು ಬೇಕಾ?

ಅದಕ್ಕೇ ಕಂಪನಿಯವರು ಎಜಿಎಂ (ಅಬ್ಸಾರ್ಬೆಂಟ್ ಗ್ಲಾಸ್ ಮ್ಯಾಟ್) ಬ್ಯಾಟರಿ ಇಟ್ಟದ್ದು. ಅದರಲ್ಲಿ ಆಸಿಡ್ ಕುಲುಕಾಡುವುದಿಲ್ಲ, ಗಾಜಿನ ನಾರಿನ ಹಾಳೆ ಅದನ್ನು ಸ್ಪಂಜಿನ ಹಾಗೆ ಹೀರಿ ಹಿಡಿದಿರುತ್ತದೆ. ಗ್ಯಾಸಿನ ಹೆಚ್ಚಿನ ಪಾಲು ಒಳಗೇ ಸೇರಿ ಮತ್ತೆ ನೀರಾಗುತ್ತದೆ. ಆದರೂ ಓವರ್‌ಚಾರ್ಜ್ ಆದರೆ ವಾಲ್ವ್ ತೆರೆದು ಗ್ಯಾಸ್ ಹೊರಗೆ ಬರುತ್ತದೆ. ಹಾಗಾಗಿ ಬ್ಯಾಟರಿಯಿಂದ ಡಿಕ್ಕಿಯ ನೆಲ ತೂರಿ ಹೊರಗೆ ಹೋಗುವ ಸಣ್ಣ ರಬ್ಬರ್ ಪೈಪ್‌ಗಳನ್ನು ಬಿಸಾಡಲು ಬಿಡಬೇಡ. ಹೊಸ ಬ್ಯಾಟರಿಗೆ ಆ ಪೈಪ್ ಸಿಕ್ಕಿಸುವ ತೂತು ಇರಲೇಬೇಕು.

ಒಂದು ಮಾತು ಸರಿಯಾಗಿ ಕೇಳಿಕೋ. "ಸೀಲ್ಡ್, ಮೇಂಟೆನೆನ್ಸ್ ಫ್ರೀ" ಅಂತ ಬರೆದ ಮಾತ್ರಕ್ಕೆ ಅದು ಎಜಿಎಂ ಅಲ್ಲ. ಎಷ್ಟೋ ಸಲ ಒಳಗೆ ಮಾಮೂಲಿ ಆಸಿಡ್ ನೀರೇ ಇರುತ್ತದೆ, ಮೇಲಿನ ಮುಚ್ಚಳ ತೆಗೆಯಲು ಬರುವುದಿಲ್ಲ, ಅಷ್ಟೇ. ಗ್ಯಾಸ್ ಅದರಿಂದಲೂ ಬರುತ್ತದೆ. ಲೇಬಲ್ ಮೇಲೆ ಎಜಿಎಂ ಅಂತಲೇ ಇರಬೇಕು.

ನಮ್ಮ ಸಂತು ಲಿಥಿಯಂ ಬ್ಯಾಟರಿ ಹಾಕು ಅಂದಿದ್ದಾನೆ. ತೂಕ ತುಂಬ ಕಡಿಮೆ, ನಿಜ. ಆದರೆ ಅಲ್ಲಿನ ಬಿಸಿಲಿಗೆ ಕಾದ ಡಿಕ್ಕಿಯೊಳಗೆ, ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಆಲ್ಟರ್ನೇಟರ್ ಜೊತೆ ನನಗೆ ಅದರ ಮೇಲೆ ಧೈರ್ಯವಿಲ್ಲ. ಬಿಸಿ ಯಾವ ಬ್ಯಾಟರಿಗೂ ಆಗುವುದಿಲ್ಲ. ಸುಮಾರು 10 ಡಿಗ್ರಿ ಜಾಸ್ತಿಯಾದರೆ ಲೆಡ್ ಬ್ಯಾಟರಿಯ (ಮಾಮೂಲಿಯದ್ದೂ ಎಜಿಎಂ ಕೂಡ ಲೆಡ್‌ದೇ) ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದವರ ಲೆಕ್ಕ. ಅದಕ್ಕೇ ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತದ್ದನ್ನು ತೆಗೆದುಕೊಳ್ಳಬೇಡ, ತಯಾರಾದ ತಾರೀಕು ಕೇಳು.

ಈ ಕಾರಿನ ಟರ್ಮಿನಲ್ ಸಪೂರದ್ದು. ದಪ್ಪದ್ದು ತಂದು ಕ್ಲ್ಯಾಂಪ್ ಅಗಲ ಮಾಡಿಸಬೇಡ. ಬಿಚ್ಚುವಾಗ ಮೊದಲು ಮೈನಸ್ ತೆಗೆ, ಹಾಕುವಾಗ ಅದನ್ನು ಕೊನೆಗೆ ಹಾಕು. ಕಟ್ಟುವ ಬ್ರಾಕೆಟ್ ಬಿಗಿ ಮಾಡು, ತಿರುವಿನಲ್ಲಿ ಜಾರಬಾರದು.

ಆಮೇಲೆ ಇಂಜಿನ್ ಓಡುವಾಗ ವೋಲ್ಟೇಜ್ ನೋಡಿಸು. 14ರ ಆಚೀಚೆ ಇದ್ದರೆ ಸರಿ. 15 ದಾಟಿದರೆ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಹಾಳಾಗಿದೆ ಅಂತ ತಿಳಿ, ಮೊದಲು ಅದನ್ನು ಸರಿಮಾಡಿಸು. ಇಲ್ಲದಿದ್ದರೆ ಹೊಸ ಎಜಿಎಂ ಒಣಗಿಹೋಗುತ್ತದೆ, ಅದಕ್ಕೆ ಮತ್ತೆ ನೀರು ಹಾಕಲು ಬರುವುದಿಲ್ಲ.

ಅಕ್ಕಾ, ನೀನು ಹೆದರಬೇಡ, ಕಾರು ಒಳ್ಳೆಯದೇ. ಪ್ರಜ್ವಲ್, ದುಡ್ಡು ಕೊಡುವ ಮೊದಲು ಆ ಪೈಪ್‌ಗಳದ್ದೂ ಹೊಸ ಬ್ಯಾಟರಿಯ ಲೇಬಲ್‌ದೂ ಫೋಟೋ ಇಲ್ಲೇ ಹಾಕು, ನಾನು ನೋಡಿ ಹೇಳುತ್ತೇನೆ.