ಖಾಲಿ ಡಬ್ಬಿಯ ರಹಸ್ಯ

ದಾವಣಗೆರೆಯಲ್ಲಿ ಆರೋಗ್ಯದ ಮಾತೂ ಮಂಡಕ್ಕಿ ಮಿರ್ಚಿಯಿಲ್ಲದೆ ಸಾಗುವುದಿಲ್ಲ. ಮೊನ್ನೆ ಸಂಜೆ ಮೂಲೆಮನೆಯ ಅಕ್ಕನ ಕಟ್ಟೆಯ ಮೇಲೆ ಮಕ್ಕಳ ಊಟದ ಡಬ್ಬಿಯ ಚರ್ಚೆ ಶುರುವಾದಾಗ ಎಲ್ಲರ ಬೆರಳಿಗೂ ಎಣ್ಣೆ ಮೆತ್ತಿತ್ತು.

"ನನ್ನ ಮಗನ ಡಬ್ಬಿ ದಿನವೂ ತೊಳೆದಿಟ್ಟ ಹಾಗೆ ಖಾಲಿಯಾಗಿ ಬರುತ್ತದೆ. ನವಣೆ ಉಪ್ಪಿಟ್ಟು ಕಳಿಸಿದರೂ ಅಷ್ಟೇ," ಎಂದು ಬ್ಯಾಂಕಿನ ಗೆಳತಿ ಬೀಗಿದಳು.

ಅವಳ ಮಗನ ಶಾಲೆಯಲ್ಲೇ ಪಾಠ ಹೇಳುವ ಮೇಷ್ಟ್ರು ಮಿರ್ಚಿಯ ತೊಟ್ಟನ್ನು ಪಕ್ಕಕ್ಕಿಟ್ಟರು. "ಖಾಲಿಯಾದರೆ ಅವನೇ ತಿಂದ ಹಾಗಾಯಿತೇ ತಾಯಿ? ಊಟದ ಗಂಟೆ ಹೊಡೆದ ಮೇಲೆ ಬಂದು ನೋಡಿ. ಎಪಿಎಂಸಿಯಲ್ಲೂ ಅಂಥ ವಹಿವಾಟು ನಡೆಯುವುದಿಲ್ಲ. ಒಂದು ಡಬ್ಬಿ ಚಿತ್ರಾನ್ನಕ್ಕೆ ಎರಡು ಪೂರಿ, ಒಂದು ಪೂರಿಗೆ ಅರ್ಧ ಮಾವಿನಕಾಯಿ. ನವಣೆ ಉಪ್ಪಿಟ್ಟಿಗೆ ಮಾತ್ರ ಗಿರಾಕಿಯಿಲ್ಲ. ಅದು ಮೈದಾನದ ಕಾಗೆಗಳ ಪಾಲು."

"2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯ ವರ್ಷವೆಂದು ಸಾರಿತ್ತು. ನಿಮ್ಮ ಕಾಗೆಗಳಿಗೆ ಗೊತ್ತೇ?"

"ಗೊತ್ತಿರಬೇಕು. ಮೈಕೈ ತುಂಬಿಕೊಂಡಿವೆ."

ಅಕ್ಕ ಗೆಳತಿಯ ಪರ ವಹಿಸಿದಳು. "ನವಣೆಯದೇನೂ ತಪ್ಪಿಲ್ಲ. ಬೆಳಿಗ್ಗೆ ಏಳಕ್ಕೆ ಮಾಡಿದ್ದನ್ನು ಹುಡುಗ ಮಧ್ಯಾಹ್ನ ಒಂದಕ್ಕೆ ತಿನ್ನಬೇಕು. ಆರಿದರೆ ಗಟ್ಟಿಯಾಗುತ್ತದೆ. ನೀರು ಸ್ವಲ್ಪ ಹೆಚ್ಚಿಗೆ ಹಾಕು, ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡು. ಕಾಳುಕಡಿಯ ಕಬ್ಬಿಣಾಂಶ ಮೈಗೆ ಹತ್ತಲು ಅದರ ಸಿ ಜೀವಸತ್ವವೂ ನೆರವಾಗುತ್ತದೆ."

ಅಕ್ಕನ ನಿಜವಾದ ಸಿಟ್ಟು ಚಪಾತಿ ಕಟ್ಟುವವರ ಮೇಲೆ. ಹೆಂಚಿನಿಂದ ತೆಗೆದದ್ದೇ ಡಬ್ಬಿಗೆ ತುರುಕಿ ಮುಚ್ಚಳ ಒತ್ತುತ್ತಾರೆ. ಹಬೆ ಮುಚ್ಚಳಕ್ಕೆ ತಾಗಿ, ಹನಿಗಟ್ಟಿ, ಮತ್ತೆ ಚಪಾತಿಯ ಮೇಲೇ ತೊಟ್ಟಿಕ್ಕುತ್ತದೆ. ಮಧ್ಯಾಹ್ನಕ್ಕೆ ಮೂರೂ ಅಂಟಿಕೊಂಡು ಒಂದೇ ಮುದ್ದೆ. ಮಗು ಅದರ ಅಂಚನ್ನು ಉಗುರಿನಲ್ಲಿ ಕೆರೆದು ಬಿಡಿಸುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. "ತಟ್ಟೆಯಲ್ಲಿ ಹರವಿ ಹಬೆ ಹೋಗಲಿ ಎಂದು ಎರಡು ನಿಮಿಷ ಕಾಯುವುದಕ್ಕೆ ಏನು ಧಾಡಿ?" ಸೌತೆಕಾಯಿಗೆ ಮನೆಯಲ್ಲೇ ಉಪ್ಪು ಹಚ್ಚಿ ಕಳಿಸುವವರಿಗೂ ಇದೇ ಮಂಗಳಾರತಿ. ಉಪ್ಪು ನೀರು ಬಿಡಿಸುತ್ತದೆ, ನೀರು ಗಣಿತದ ಪುಸ್ತಕ ಸೇರುತ್ತದೆ.

"ಚೆಂದವೂ ಕಾಣಬೇಕಲ್ಲ?" ಎಂದೆ ನಾನು.

"ಕಾಣಲಿ. ಆದರೆ ಹಿಂದಿನ ಬೀದಿಯವಳ ಹಾಗಲ್ಲ. ಮೊಬೈಲ್ ನೋಡಿ ಅನ್ನದಲ್ಲಿ ಕರಡಿಯ ಮುಖ ಮಾಡಿ, ಕಣ್ಣಿಗೆ ಕರಿಮೆಣಸು ಇಟ್ಟಳು. ಕಣ್ಣು ಅಗಿದ ಮಗು ಸಂಜೆಯವರೆಗೂ ಅತ್ತಿತು. ಒಂದಿಷ್ಟು ಗಜ್ಜರಿ, ಬೀಟ್‌ರೂಟ್ ತುರಿದು ಹಾಕಿದರೆ ಸಾಕು, ಅನ್ನಕ್ಕೆ ತಾನಾಗಿಯೇ ಕಳೆ ಬರುತ್ತದೆ."

ಈ ವಿಷಯದಲ್ಲಿ ಸರ್ಕಾರಿ ಶಾಲೆಯ ತಾಯಂದಿರೇ ಪುಣ್ಯವಂತರು ಎಂದು ಮೇಷ್ಟ್ರು ನಿಟ್ಟುಸಿರಿಟ್ಟರು. ಅಕ್ಷರ ದಾಸೋಹದ ಬಿಸಿಯೂಟವಿದೆ, 2013ರಲ್ಲಿ ಬಂದ ಕ್ಷೀರಭಾಗ್ಯದ ಹಾಲಿದೆ, ಮೊಟ್ಟೆಯಿದೆ, ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣಿದೆ. ಎಲ್ಲರಿಗೂ ಒಂದೇ ಸಾರು. ಅದಲು ಬದಲು ಮಾಡುವುದಾದರೂ ಏನನ್ನು?

ಗೆಳತಿ ಬಾದಾಮಿಯ ಬೆಲೆಗೆ ಮಾತು ತಿರುಗಿಸಿದಳು. ನನಗೆ ರೇಗಿತು. ಶೇಂಗಾಕ್ಕೆ ಹೆಸರಾದ ಚಳ್ಳಕೆರೆಯ ಮಗ್ಗುಲಲ್ಲಿದ್ದುಕೊಂಡು ಬಾದಾಮಿಗೆ ಬಾಯಿ ಬಿಡುವುದೆಂದರೇನು? ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ಬಾದಾಮಿ ಅಷ್ಟು ಮುಟ್ಟುವುದಿಲ್ಲ. ಹುರಿದು ಬೆಲ್ಲದಲ್ಲಿ ಉಂಡೆ ಕಟ್ಟಿದರೆ ವಾರಗಟ್ಟಲೆ ಕೆಡುವುದಿಲ್ಲ. "ಆದರೆ ಕೆಲವು ಮಕ್ಕಳಿಗೆ ಶೇಂಗಾ ಒಗ್ಗುವುದಿಲ್ಲ, ಮೈಯೆಲ್ಲ ದದ್ದು ಏಳುತ್ತದೆ. ಕೇಳದೆ ಯಾರಿಗೂ ಕೊಡಬೇಡ ಎಂದು ಮಗನಿಗೆ ಹೇಳಿರಿ," ಎಂದರು ಮೇಷ್ಟ್ರು. ಅದು ಮಾತ್ರ ತಮಾಷೆಯಾಗಿರಲಿಲ್ಲ.

ಅಷ್ಟರಲ್ಲಿ ಹುಡುಗನೇ ಸೈಕಲ್ ತುಳಿದುಕೊಂಡು ಬಂದ. ತಾಯಿ ಹಿಡಿದು ನಿಲ್ಲಿಸಿದಳು. "ನಿಜ ಹೇಳು, ನವಣೆ ಉಪ್ಪಿಟ್ಟನ್ನು ಕಾಗೆಗೆ ಹಾಕುತ್ತೀಯಾ?"

"ಕಾಗೆಗೆ ಯಾಕಮ್ಮ? ನಮ್ಮ ಸರ್ ತೆಗೆದುಕೊಂಡು ಅವರ ಪೂರಿ ಕೊಡುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆಯಂತೆ."

ಕಟ್ಟೆಯ ಮೇಲೆ ಉಸಿರಿಲ್ಲ. ಮೇಷ್ಟ್ರು ಕೊನೆಯ ಮಿರ್ಚಿಯನ್ನು ತಟ್ಟೆಗೆ ಮರಳಿಸಿ, ಕೈ ಒರೆಸಿಕೊಂಡು ಎದ್ದರು.

"ಅಕ್ಕ ಹೇಳಿದ್ದು ಸರಿಯಾಗಿದೆ ತಾಯಿ," ಎಂದರು. "ನಾಳೆಯಿಂದ ನಿಂಬೆಹಣ್ಣು ಸ್ವಲ್ಪ ಜಾಸ್ತಿಯೇ ಇರಲಿ."