ಇಳಿದದ್ದು ಬೇರೆ, ಹೋದದ್ದು ಬೇರೆ: ಕಾರಿನ ಬ್ಯಾಟರಿಗೆ ನಿಮ್ಮ ಕಡೆ ಏನಂತೀರಿ?

“ಇಳಿದೈತೆ ಅಷ್ಟೇ ಸಾರ್. ಹೋಗಿಲ್ಲ.”

ಹೋದ ಭಾನುವಾರ ಕೋಲಾರದ ನಮ್ಮ ಬೀದಿಯ ಮೆಕ್ಯಾನಿಕ್ ಹೇಳಿದ ಮಾತು ಇದು. ಬಾನೆಟ್ಟಿನೊಳಗೆ ಬಗ್ಗಿದ್ದವರು ತಲೆ ಎತ್ತದೆಯೇ ಪಕ್ಕದ ಹುಡುಗನಿಗೆ ಅದನ್ನೇ ತೆಲುಗಿನಲ್ಲೂ ಹೇಳಿದರು: “ದಿಗಿಂದಿ, ಪೋಲೇದು.” ನಾನು ಅಷ್ಟರಲ್ಲಿ ತಂಗಿಗೆ ಫೋನ್ ಮಾಡಿ “ಬ್ಯಾಟರಿ ಸತ್ತುಹೋಗಿದೆ ಕಣೆ” ಅಂತ ಹೇಳಿ, ಹೊಸದಕ್ಕೆ ಎಷ್ಟಾಗಬಹುದು ಅಂತ ಲೆಕ್ಕವನ್ನೂ ಹಾಕಿಬಿಟ್ಟಿದ್ದೆ.

ಕಾರು ತಂಗಿಯದು. ಅವಳು ಮೂರು ವಾರ ಊರಲ್ಲಿರಲಿಲ್ಲ, ಅದು ನಮ್ಮ ಮನೆ ಮುಂದೆ ಸುಮ್ನೆ ನಿಂತಿತ್ತು. ಕೀ ತಿರುಗಿಸಿದರೆ ಕಟ ಕಟ ಅಂತ ಸದ್ದು, ದೀಪಗಳೆಲ್ಲ ಮಂಕು, ಸೆಲ್ಫ್ ಎತ್ತಲೇ ಇಲ್ಲ. ಸಂಜೆ ಅವಳು ಬಂದು ಕಥೆಯೆಲ್ಲ ಕೇಳಿ, “ನಾನೊಬ್ಬಳೇ ಇದ್ದಾಗ ಹೀಗಾದ್ರೆ ಏನು ಮಾಡ್ಬೇಕು ಅಂತ ಕನ್ನಡದಲ್ಲಿ ಬರೆದುಕೊಡಣ್ಣ, ಡಿಕ್ಕಿಯೊಳಗೆ ಅಂಟಿಸ್ಕೋತೀನಿ” ಅಂದಳು. ಅರ್ಧ ಪುಟದ ಕೆಲಸ. ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಎಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ಹೇಳುತ್ತೇನೆ, ನಿಮ್ಮ ಊರಿನ ಪದ ಕೊಡಿ.

ಮೊದಲು ಈ ಇಳಿಯೋದು, ಹೋಗೋದು. ಮೆಕ್ಯಾನಿಕ್ ಮೀಟರ್ ಇಟ್ಟಾಗ 11.4 ವೋಲ್ಟ್ ತೋರಿಸಿತು. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ನಿಂತ ಕಾರಿನಲ್ಲಿ 12.6ರ ಹತ್ತಿರ ಇರಬೇಕು. ಅಂದರೆ ನಿಜವಾಗಿಯೂ ಅಂಕಿ ಇಳಿದಿದೆ. ಕನ್ನಡದಲ್ಲಿ ಇಳಿಯುವುದೆಲ್ಲ ಮತ್ತೆ ಏರಬಹುದಾದದ್ದೇ: ಜ್ವರ ಇಳಿಯುತ್ತೆ, ಟೊಮೆಟೊ ರೇಟು ಇಳಿಯುತ್ತೆ, ಬಾವಿ ನೀರು ಇಳಿಯುತ್ತೆ. ‘ಹೋಯ್ತು’ ಅಂದರೆ ಹಾಗಲ್ಲ. ಕಣ್ಣು ಹೋಯ್ತು, ಮಾನ ಹೋಯ್ತು ಅಂದ ಹಾಗೆ, ಬ್ಯಾಟರಿ ಹೋಯ್ತು ಅಂದರೆ ಗುಜರಿಗೇ. ಇವೆರಡರ ನಡುವೆ ಇನ್ನೊಂದು ಇದೆ: “ಚಾರ್ಜ್ ನಿಲ್ತಿಲ್ಲ.” ತೂತು ಕೊಡದಲ್ಲಿ ನೀರು ನಿಲ್ಲದ ಹಾಗೆ. ಈ ಮೂರು ಮಾತಿನಲ್ಲಿ ಒಂದು ಬ್ಯಾಟರಿಯ ಪೂರ್ತಿ ಆಯಸ್ಸೇ ಇದೆ. ಇಂಗ್ಲಿಷಿನವರ ‘ಡೆಡ್’ ಈ ಮೂರನ್ನೂ ಒಂದೇ ಗುಂಡಿಗೆ ಹಾಕುತ್ತೆ.

ತಮಾಷೆ ಏನೆಂದರೆ, ಕರೆಂಟಿಗೆ ಮಾತ್ರ ನಾವು ‘ಹೋಯ್ತು’ ಅಂತಲೇ ಹೇಳುತ್ತೇವೆ, ಅದು ವಾಪಸ್ ಬರುತ್ತೆ ಅಂತ ಗೊತ್ತಿದ್ದೂ. ನಮ್ಮ ಜಿಲ್ಲೆಗೆ ಈ ಮಾತು ಹೊಸದೇನಲ್ಲ. ಶಿವನಸಮುದ್ರದ ಕರೆಂಟು ಕೆಜಿಎಫ್ ಗಣಿಗೆ ಬಂದದ್ದು 1902ರಲ್ಲಿ, ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಕರೆಂಟು ಬರೋದು ಹೋಗೋದು ಬೆಂಗಳೂರಿನವರಿಗಿಂತ ಮೂರು ವರ್ಷ ಮೊದಲೇ ನಮಗೆ ಅಭ್ಯಾಸ ಅಲ್ವಾ!

ನಾನು ಹೇಳಿದ ‘ಸತ್ತಿದೆ’ ಎಲ್ಲಕ್ಕಿಂತ ಕೆಟ್ಟದ್ದು ಅಂತ ಈಗ ಅನ್ನಿಸುತ್ತಿದೆ. ಸತ್ತದ್ದರ ಬಗ್ಗೆ ಭಯ ಇರಲ್ಲ. ಆದರೆ ಎಷ್ಟೇ ಇಳಿದಿದ್ದರೂ ಒಳಗೆ ಗಂಧಕಾಮ್ಲ (ಸಲ್ಫ್ಯೂರಿಕ್ ಆಸಿಡ್) ಒಂದಷ್ಟು ಉಳಿದೇ ಇರುತ್ತೆ. ಬೇರೆ ಗಾಡಿಯಿಂದ ಕರೆಂಟು ಕೊಟ್ಟು ಚಾರ್ಜ್ ಮಾಡುವಾಗ ಜಲಜನಕ (ಹೈಡ್ರೋಜನ್) ಹೊರಗೆ ಬರುತ್ತೆ. ಗಾಳಿಯಲ್ಲಿ ನೂರಕ್ಕೆ 4 ಭಾಗ ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತೆ. ಸತ್ತ ವಸ್ತು ಹೀಗೆಲ್ಲ ಮಾಡುತ್ತಾ? ಅದಕ್ಕೇ ಚೀಟಿಯಲ್ಲಿ ‘ಬ್ಯಾಟರಿ ಇಳಿದಿದ್ದರೆ’ ಅಂತಲೇ ಬರೆದಿದ್ದೇನೆ. ಅದರ ಕೆಳಗೆ ‘ಊದಿಕೊಂಡಿದ್ದರೆ, ಬಿರುಕು ಬಿಟ್ಟಿದ್ದರೆ, ಸೋರುತ್ತಿದ್ದರೆ ಕೈ ಹಚ್ಚಬೇಡ’ ಅಂತ ಕೆಂಪು ಇಂಕಿನಲ್ಲಿ. ಈ ‘ಊದಿಕೊಂಡಿದೆ’ಗೆ ಯಾರದೂ ತಕರಾರು ಇರಲಾರದು. ಕೆನ್ನೆಗೂ ಅದೇ, ಬ್ಯಾಟರಿಗೂ ಅದೇ.

‘ಬ್ಯಾಟರಿ’ ಅನ್ನೋ ಪದವೇ ಮನೆಯಲ್ಲಿ ಒಂದು ಗಲಾಟೆ ಮಾಡಿತು. ಮೆಕ್ಯಾನಿಕ್ “ಬ್ಯಾಟ್ರಿ ನೋಡ್ಬೇಕು” ಅಂದದ್ದು ಅಜ್ಜಿಗೆ ಕೇಳಿಸಿ, ಒಳಗಿಂದ ಟಾರ್ಚ್ ತಂದು ಕೊಟ್ಟರು. ನಮ್ಮ ಹಳ್ಳಿಗಳಲ್ಲಿ ಬ್ಯಾಟ್ರಿ ಅಂದರೆ ಟಾರ್ಚೇ, ಅದಕ್ಕೆ ಹಾಕೋದು ಶೆಲ್ಲು. “ಬ್ಯಾಟ್ರಿ ಬಿಡೋ, ಹಾವೋ ಹಗ್ಗವೋ ನೋಡೋಣ” ಅಂತ ಕೇಳಿ ಬೆಳೆದವನು ನಾನು. ಪುಸ್ತಕದ ಲೆಕ್ಕದಲ್ಲಿ ಶೆಲ್ಲುಗಳ ಸಾಲಿಗೆ ಬ್ಯಾಟರಿ ಅಂತ ಹೆಸರು. ಸಾಲಾಗಿ ನಿಲ್ಲಿಸಿದ ಫಿರಂಗಿಗಳ ಹೆಸರನ್ನು ಬೆಂಜಮಿನ್ ಫ್ರಾಂಕ್ಲಿನ್ 18ನೇ ಶತಮಾನದಲ್ಲಿ ಕರೆಂಟು ತುಂಬಿಡುವ ಗಾಜಿನ ಜಾಡಿಗಳ ಸಾಲಿಗೆ ತಂದಿಟ್ಟರು, ಆಮೇಲೆ ಅದೇ ಶೆಲ್ಲುಗಳ ಸಾಲಿಗೂ ಬಂತು. ಕಾರಿನದರಲ್ಲಿ ಎರಡೆರಡು ವೋಲ್ಟಿನ ಆರು ಮನೆಗಳ ಸಾಲು ಇರುತ್ತೆ. ಅಜ್ಜಿಯ ಬ್ಯಾಟ್ರಿ ಆ ದಿನ ಕೆಲಸಕ್ಕೂ ಬಂತು. ನೀರಿನ ಮಟ್ಟ ನೋಡೋಕೆ ಟಾರ್ಚ್ ಬೇಕೇ ಬೇಕು. ಹಿಂದೆ ಕತ್ತಲಲ್ಲಿ ಬೆಂಕಿಕಡ್ಡಿ ಗೀರಿ ನೋಡುತ್ತಿದ್ದರಂತೆ, ಜಲಜನಕದ ಪಕ್ಕದಲ್ಲಿ! ಚೀಟಿಯಲ್ಲಿ ‘ಬ್ಯಾಟರಿಯ ಮೇಲೆ ಬ್ಯಾಟರಿ ಬಿಟ್ಟು ನೋಡು’ ಅಂತ ಬರೆದು ಹೊಡೆದುಹಾಕಿದೆ.

ಇನ್ನು ‘ನೀರು’. ಇದು ತಮಾಷೆ ಅಲ್ಲ. ನಮ್ಮ ಕಡೆ ‘ಬ್ಯಾಟ್ರಿ ನೀರು’ ಅಂದರೆ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಒಡೆದು ಸೋರಿದರೂ “ಬ್ಯಾಟ್ರಿ ನೀರು ಚೆಲ್ಲೈತೆ” ಅಂತಲೇ ಹೇಳುತ್ತಾರೆ. ಒಂದು ಕುಡಿಯುವ ನೀರಿನಷ್ಟೇ ಸಾಧು, ಇನ್ನೊಂದು ಪ್ಯಾಂಟು ತೂತು ಮಾಡುವ ಆಸಿಡ್. ಎರಡಕ್ಕೂ ಒಂದೇ ಹೆಸರು. ಗ್ಯಾರೇಜಿನವರಿಗೆ ಸಂದರ್ಭ ನೋಡಿದರೆ ಗೊತ್ತಾಗುತ್ತೆ, ಡಿಕ್ಕಿಯ ಚೀಟಿ ಓದುವವರಿಗೆ ಗೊತ್ತಾಗಲ್ಲ. ನಾನು ‘ಹಾಕುವ ನೀರು’, ‘ಒಳಗಿನ ಆಸಿಡ್’ ಅಂತ ಬೇರೆ ಮಾಡಿದ್ದೇನೆ. ಮಟ್ಟ ಕಡಿಮೆಯಾದರೆ ಹಾಕಬೇಕಾದದ್ದು ನೀರು ಮಾತ್ರ. ಬಳಸುತ್ತಾ ಹೋದ ಹಾಗೆ ಮುಗಿಯೋದು ನೀರು, ಆಸಿಡ್ ಒಳಗೇ ಉಳಿದಿರುತ್ತೆ. ಅದಕ್ಕೆ ಇನ್ನಷ್ಟು ಆಸಿಡ್ ಸುರಿದರೆ ಬ್ಯಾಟರಿ ಹಾಳು. ಮೈಗೆ ಸಿಡಿದರೆ ಜಾಸ್ತಿ ತಣ್ಣೀರು ಸುರಿದು ತೊಳೆಯಬೇಕು. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರು ಬಿಡುತ್ತಲೇ ಇದ್ದು, ತಡ ಮಾಡದೆ ಆಸ್ಪತ್ರೆ. ‘ಆಮ್ಲ’ ಅಂತ ಬರೆದಿದ್ದೆ. ತಂಗಿ ಓದಿ “ಆಮ್ಲೆಟ್ಟಾ?” ಅಂದಳು. ಆಸಿಡ್ಡೇ ಇರಲಿ.

ಟರ್ಮಿನಲ್ ಮೇಲೆ, ಅಂದರೆ ತಂತಿ ಕಟ್ಟುವ ಸೀಸದ ಗುಬುಟಿನ ಮೇಲೆ, ಕಟ್ಟಿಕೊಳ್ಳುವ ಪುಡಿಗೆ ಏನಂತೀರಿ? ನಾನು ‘ತುಕ್ಕು’ ಅಂದೆ. ಅಮ್ಮ ತಿದ್ದಿದರು. ತುಕ್ಕು ಕಬ್ಬಿಣಕ್ಕೆ, ಹಸಿರಾಗಿದ್ದರೆ ಅದು ಕಿಲುಬು. ಎಂಥಾ ಪದ! ತಾಮ್ರ, ಹಿತ್ತಾಳೆ ಪಾತ್ರೆ ಬೆಳಗಿದವರಿಗೆ ಗೊತ್ತಿರುವ ಪದ. ಕ್ಲಾಂಪಿನ ತಾಮ್ರ, ಹಿತ್ತಾಳೆ ಇರುವ ಕಡೆ ಬರುವ ಹಸಿರು ಅದೇ. ಸೀಸದ ಗುಬುಟಿನ ಮೇಲಿನ ಬಿಳಿ ಪುಡಿಗೆ ಮೆಕ್ಯಾನಿಕ್ “ಉಪ್ಪು ಕಟ್ಟೈತೆ” ಅಂದರು. ಸೀಸವೂ ಗಂಧಕಾಮ್ಲವೂ ಸೇರಿ ಆಗೋದು ರಸಾಯನಶಾಸ್ತ್ರದ ಪ್ರಕಾರವೂ ಉಪ್ಪೇ, ಹಾಗಾಗಿ ಅವರ ಮಾತು ನೂರಕ್ಕೆ ನೂರು ಸರಿ. ಆದರೆ ಕಿಲುಬು ಅಂದ ಕೂಡಲೇ ಅಮ್ಮ ಹುಣಸೆಹಣ್ಣು ತಂದರು ನೋಡಿ, ಅಲ್ಲಿ ಪದ ದಾರಿ ತಪ್ಪಿಸಿತು. ಹುಳಿಯ ಮೇಲೆ ಹುಳಿ ಹಾಕಿದರೆ ಏನು ಪ್ರಯೋಜನ? ಇದಕ್ಕೆ ಅಡಿಗೆ ಸೋಡ ಕದಡಿದ ನೀರು. ನೊರೆ ನೊರೆ ಎದ್ದು ಬಿಟ್ಟುಕೊಳ್ಳುತ್ತೆ. ಆ ನೀರು ಮುಚ್ಚಳದ ಸಂದಿಯಿಂದ ಒಳಗೆ ಇಳಿಯಬಾರದು, ಅಷ್ಟೇ. ಒರೆಸಿ ಸ್ವಲ್ಪ ವ್ಯಾಸಲೀನ್ ಸವರಿದರೆ ಆಯ್ತು.

ಪ್ಲಸ್ಸು, ಮೈನಸ್ಸು ಎಲ್ಲರಿಗೂ ಗೊತ್ತು. ಆದರೂ ಚೀಟಿಗೆ ಧನ, ಋಣವನ್ನೇ ಹಾಕೋ ಆಸೆ ನನಗೆ. 7ನೇ ಶತಮಾನದ ಬ್ರಹ್ಮಗುಪ್ತ ಲೆಕ್ಕಕ್ಕೆ ಬಳಸಿದ ಜೋಡಿ ಇದು, ಆಸ್ತಿ ಮತ್ತು ಸಾಲ. ಬ್ಯಾಟರಿ ಬಿಚ್ಚುವ ಕ್ರಮ ಇದರಿಂದ ಚೆನ್ನಾಗಿ ನೆನಪಿರುತ್ತೆ: ಮೊದಲು ಋಣ ಕಳಚಿಕೋ, ಆಮೇಲೆ ಧನ. ಕಟ್ಟುವಾಗ ಉಲ್ಟಾ, ಮೊದಲು ಧನ, ಕೊನೆಗೆ ಋಣ. ಕಾರಣ ಇದೆ. ಬ್ಯಾಟರಿಯ ಋಣ ಕಾರಿನ ತಗಡಿಗೇ ಸೇರಿರುತ್ತೆ. ಋಣ ಇನ್ನೂ ಕಟ್ಟಿದ್ದು ಧನದ ನಟ್ಟು ಬಿಚ್ಚುವಾಗ ಸ್ಪ್ಯಾನರ್ ಜಾರಿ ಕಾರಿನ ತಗಡಿಗೆ ತಾಗಿದರೆ ಅಲ್ಲೇ ಶಾರ್ಟ್, ದೊಡ್ಡ ಕಿಡಿ. ಋಣ ಮೊದಲೇ ಹರಿದಿದ್ದರೆ ತಾಗಿದರೂ ಏನೂ ಆಗಲ್ಲ. ಮೆಕ್ಯಾನಿಕ್‌ಗೆ ಇದನ್ನು ಹೇಳಿದೆ. “ನಂದು ಋಣ ಇನ್ನೂ ತೀರಿಲ್ಲ ಸಾರ್” ಅಂತ ನಕ್ಕರು.

ಈಗ ನಿಜವಾದ ಮುಳ್ಳು. ಬೇರೆ ಗಾಡಿಯಿಂದ ಕೇಬಲ್ ಹಾಕಿ ಎಬ್ಬಿಸೋದು. ‘ಜಂಪ್ ಕೊಡೋದು’ ಅಂತಾರೆ. ಯಾರೂ ಎಲ್ಲೂ ಹಾರಲ್ಲ, ಹಾಗಾಗಿ ‘ಎಬ್ಬಿಸೋದು’ ನನಗೆ ಇಷ್ಟ. ಎಪಿಎಂಸಿಗೆ ಟೊಮೆಟೊ ಇಳಿಸಿ ಬಂದ ಲಾರಿಯೊಂದು ಬೀದಿಯಲ್ಲಿ ನಿಂತಿತ್ತು. ಡ್ರೈವರ್ “ನಂದರಿಂದ ತಗೊಳ್ಳಿ” ಅಂತ ಮುಂದೆ ಬಂದರು. ಮೆಕ್ಯಾನಿಕ್ ಕೈ ಅಡ್ಡ ಮಾಡಿ, “ಬೇಡಣ್ಣ, ನಿಂದು ಇಪ್ಪತ್ನಾಲ್ಕು, ಇದು ಹನ್ನೆರಡು” ಅಂದರು. ವಯಸ್ಸಿನ ಮಾತಾ ಅಂತ ನಾನು ನೋಡಿದೆ. ದೊಡ್ಡ ಲಾರಿಯಲ್ಲಿ ಎರಡು ಬ್ಯಾಟರಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಅದನ್ನು ಕಾರಿಗೆ ಕೊಟ್ಟರೆ ಕಾರಿನ ಸರ್ಕೀಟುಗಳು ಸುಟ್ಟು ಹೋಗಬಹುದು, ಬ್ಯಾಟರಿಯೇ ಸಿಡಿಯಬಹುದು. ಕೊನೆಗೆ ಪಕ್ಕದ ಮನೆಯವರ ಪಿಕಪ್ಪು ಬಂತು, ಅದೂ ಹನ್ನೆರಡೇ.

ಕೆಂಪು ಕೇಬಲ್ಲಿನ ಒಂದು ತುದಿ ಇಳಿದ ಬ್ಯಾಟರಿಯ ಧನಕ್ಕೆ, ಇನ್ನೊಂದು ಒಳ್ಳೆಯದರ ಧನಕ್ಕೆ. ಕಪ್ಪು ಕೇಬಲ್ಲಿನ ಒಂದು ತುದಿ ಒಳ್ಳೆಯದರ ಋಣಕ್ಕೆ. ಉಳಿದ ಕಪ್ಪು ತುದಿ ನನ್ನ ಕೈಯಲ್ಲಿ. ಮೆಕ್ಯಾನಿಕ್ ಪಿಕಪ್ಪಿನ ಕಡೆಯಿಂದ ಕೂಗಿದರು:

“ಸಾರ್, ಕಪ್ಪುದನ್ನ ಬಾಡಿಗೆ ಕೊಡಿ!”

ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ ಗಾಬರಿ. “ಈಗ್ಯಾರಿಗೆ ಬಾಡಿಗೆ ಕೊಡ್ಬೇಕಂತೆ?”

ಅದು ‘ಬಾಡಿ’ಗೆ ‘ಗೆ’ ಸೇರಿದ್ದು. ಕಾರಿನ ಬಾಡಿಗೆ. ಕೊನೆಯ ಕ್ಲಿಪ್ಪು ಇಳಿದ ಬ್ಯಾಟರಿಯ ಋಣಕ್ಕೆ ಹೋಗಬಾರದು. ಕೊನೆಯ ತುದಿ ಮುಟ್ಟುವಾಗಲೇ ಕಿಡಿ ಹಾರೋದು, ಅದು ಬ್ಯಾಟರಿಯಿಂದ ದೂರ ಹಾರಲಿ ಅಂತ ಇಂಜಿನ್ನಿನ ಬರಿ ಲೋಹಕ್ಕೆ ಕೊಡಬೇಕು. ಬಿಚ್ಚುವಾಗ ಇದೇ ಮೊದಲು, ಉಳಿದದ್ದೆಲ್ಲ ಹಾಕಿದ್ದರ ಉಲ್ಟಾ ಕ್ರಮದಲ್ಲಿ. ಇಡೀ ಚೀಟಿಯಲ್ಲಿ ತಪ್ಪಲೇಬಾರದ ಸಾಲು ಇದು, ಪದ ಸಿಗದಿರುವುದೂ ಇದಕ್ಕೇ. ‘ಬಾಡಿಗೆ ಕೊಡು’ ಅಂತ ಬರೆಯುವ ಹಾಗಿಲ್ಲ. ಗ್ಯಾರೇಜಿನ ಇನ್ನೊಂದು ಮಾತು ‘ಅರ್ತ್ ಕೊಡು’. ಅದನ್ನು ನಿಘಂಟಿನವರ ಹಾಗೆ ‘ಭೂಸಂಪರ್ಕ’ ಅಂದರೆ ಸುಳ್ಳಾಗುತ್ತೆ. ಕಾರು ನಿಂತಿರೋದು ರಬ್ಬರ್ ಟೈರಿನ ಮೇಲೆ, ಭೂಮಿಗೂ ಅದಕ್ಕೂ ಸಂಬಂಧವೇ ಇಲ್ಲ. ಯಾರಾದರೂ ನಂಬಿ ಕ್ಲಿಪ್ಪನ್ನು ಮಣ್ಣಿಗೆ ಚುಚ್ಚಿಯಾರು! ‘ಒಡಲು’, ‘ಚೌಕಟ್ಟು’ ಕೂಡ ನೋಡಿದೆ. ಒಡಲು ಅಂದರೆ ತಂಗಿ ಸೀಟಿನ ಕಡೆ ನೋಡುತ್ತಾಳೆ.

ಧಾರವಾಡ, ಮಂಗಳೂರು, ಕಲಬುರಗಿ ಕಡೆಯ ಗ್ಯಾರೇಜುಗಳಲ್ಲಿ ಈ ಜಾಗಕ್ಕೆ ಏನಂತಾರೆ? ಪುಸ್ತಕದ ಪದ ಬೇಡ, ಬಾಯಲ್ಲಿ ಓಡಾಡುವುದನ್ನು ಹೇಳಿ. ಅಲ್ಲಿಯವರೂ ಬ್ಯಾಟರಿ ಇಳಿದಿದೆ, ಹೋಗಿದೆ ಅಂತ ಬೇರೆ ಮಾಡುತ್ತಾರಾ, ಅಥವಾ ‘ಕೂತಿದೆ’, ‘ಡೌನ್ ಆಗಿದೆ’ ಅಂತಲಾ? ಸದ್ಯಕ್ಕೆ ನಾನು ‘ಇಂಜಿನ್ನಿನ ಮೇಲೆ ಬಣ್ಣವಿಲ್ಲದ ಬರಿ ಕಬ್ಬಿಣಕ್ಕೆ’ ಅಂತ ಬರೆದಿದ್ದೆ. ತಂಗಿ ಬಾನೆಟ್ ಎತ್ತಿ ಎರಡು ನಿಮಿಷ ನೋಡಿ, “ಇದರಲ್ಲಿ ಅರ್ಧ ಅಲ್ಯೂಮಿನಿಯಂ ಅಂತಾರಲ್ಲಣ್ಣ, ಕಬ್ಬಿಣ ಎಲ್ಲಿದೆ ತೋರಿಸು” ಅಂದಳು. ಆ ಸಾಲು ಮತ್ತೆ ಖಾಲಿ ಇದೆ.