ಹತ್ತನೇ ಕ್ಲಾಸಲ್ಲಿ ಇಬ್ಬಿಬ್ಬರನ್ನ ಕೂರಿಸಿ ಪದ್ಯದ ಬಗ್ಗೆ ಮಾತಾಡಿಸಿದ್ರೆ ಒಬ್ರೇ ಮಾತಾಡ್ತಾರೆ, ಏನ್ ಮಾಡ್ಲಿ?

ನಾಪೋಕ್ಲು_ಟೀಚರ್:

ಎಲ್ರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಕಡೆ ಒಂದು ಹೈಸ್ಕೂಲಲ್ಲಿ ಕನ್ನಡ ಟೀಚರ್ ನಾನು, ಇದು ಆರನೇ ವರ್ಷ. ಹತ್ತನೇ ಕ್ಲಾಸಲ್ಲಿ 34 ಮಕ್ಕಳಿದ್ದಾರೆ. ನಾನೇ ಪದ್ಯ ಓದಿ ನಾನೇ ಅರ್ಥ ಹೇಳಿ ನಾನೇ ಪ್ರಶ್ನೋತ್ತರ ಬರೆಸೋದು ನನಗೇ ಸಾಕಾಗಿ, ಈ ಸಲ ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಬಂದಾಗ ಪಕ್ಕದಲ್ಲಿ ಕೂತವರ ಜೊತೆ ಮಾತಾಡಿ ಅಂತ ಬಿಟ್ಟೆ. ಕರ್ಣ ಪಾಂಡವರ ಕಡೆ ಹೋಗ್ದೆ ಇದ್ದಿದ್ದು ಸರಿಯಾ ತಪ್ಪಾ ಅಂತ ಪ್ರಶ್ನೆ ಕೊಟ್ಟೆ, ಹತ್ತು ನಿಮಿಷ ಟೈಮು.

ಏನಾಯ್ತು ಅಂದ್ರೆ, ಸುಮಾರು ಎಲ್ಲಾ ಬೆಂಚಲ್ಲೂ ಮಾರ್ಕ್ಸ್ ಜಾಸ್ತಿ ತೆಗೆಯೋ ಮಗು ಮಾತಾಡ್ತು, ಇನ್ನೊಂದು ತಲೆ ಆಡಿಸ್ತು. ಇಬ್ರು ಹುಡುಗೀರು ಒಂದೇ ನಿಮಿಷಕ್ಕೆ ‘ಸರಿ ಮಿಸ್, ಮುಗೀತು’ ಅಂದ್ರು. ಹಿಂದಿನ ಬೆಂಚಲ್ಲಿ ಭಾನುವಾರದ ಕೆಸರುಗದ್ದೆ ಓಟದ ಮಾತು. ಮೇಲಿಂದ ಶೀಟ್ ಮೇಲೆ ಮಳೆ ಸದ್ದು, ಅದಕ್ಕೆ ಮಕ್ಕಳು ಕೂಗಿ ಮಾತಾಡ್ತಾರೆ, ಪಕ್ಕದ ಕ್ಲಾಸಿನ ಸರ್ ಬಂದು ಏನ್ ಮೇಡಂ ಇದು ಅಂತ ಕೇಳಿ ಹೋದ್ರು. ಮಳೆ ರಜೆ ಬೇರೆ ಸಾಕಷ್ಟು ಹೋಗಿದೆ, ಸಿಲೆಬಸ್ ಹಿಂದೆ ಬಿದ್ದಿದೆ.

ಆದ್ರೂ ಬಿಡೋಕೆ ಮನಸ್ಸಿಲ್ಲ. ಯಾಕೆ ಅಂದ್ರೆ ತೋಟದ ಕೆಲಸದವರ ಲೈನ್ ಮನೆಯಿಂದ ಬರೋ ಒಬ್ಬ ಹುಡುಗ ಇದ್ದಾನೆ, ಮನೇಲಿ ಯರವ ಬುಡಕಟ್ಟಿನ ಭಾಷೆ, ಎರಡು ವರ್ಷದಿಂದ ನಾನು ಕೇಳಿದ ಒಂದು ಪ್ರಶ್ನೆಗೂ ಬಾಯಿ ಬಿಟ್ಟಿಲ್ಲ. ಅವತ್ತು ನಾನು ಪಕ್ಕದಲ್ಲಿ ಹಾದು ಹೋಗುವಾಗ ಅವನು ಜೊತೆಯವನ ಹತ್ರ ಮೆಲ್ಲಗೆ, ‘ಹೆತ್ತವಳು ನೀರಲ್ಲಿ ಬಿಟ್ಳು, ಅನ್ನ ಹಾಕಿದವನನ್ನ ಇವನು ಬಿಟ್ರೆ ಅವಳಿಗೂ ಇವನಿಗೂ ಏನ್ ವ್ಯತ್ಯಾಸ’ ಅಂತ ಹೇಳ್ತಿದ್ದ. ಅದು ಯಾವ ಗೈಡಲ್ಲೂ ಇಲ್ಲ. ಆಮೇಲೆ ಎದ್ದು ನಿಂತು ಹೇಳಪ್ಪಾ ಅಂದ್ರೆ ತಲೆ ತಗ್ಗಿಸಿಬಿಟ್ಟ. ಇದನ್ನ ಸರಿಯಾಗಿ ಮಾಡೋದು ಹೇಗೆ ಅಂತ ಅನುಭವ ಇರೋರು ಹೇಳಿ ಪ್ಲೀಸ್.

ಸೋಮವಾರಪೇಟೆ_ಮೇಷ್ಟ್ರು:

ಮೇಡಂ, 31 ವರ್ಷ ಪಾಠ ಮಾಡಿ ರಿಟೈರ್ಡ್ ಆದವನು ನಾನು. ತೊಂದರೆ ಮಕ್ಕಳದ್ದಲ್ಲ, ನೀವು ಕೊಟ್ಟ ಪ್ರಶ್ನೆಯದ್ದು. ಸರಿಯಾ ತಪ್ಪಾ ಅಂದ್ರೆ ಒಂದು ಮಾತಲ್ಲಿ ಮುಗಿಯುತ್ತೆ, ಆ ಹುಡುಗೀರು ಮಾಡಿದ್ದೂ ಅದೇ. ಪದ್ಯದ ಹೆಸರನ್ನೇ ಪ್ರಶ್ನೆ ಮಾಡಿ ನೋಡಿ. ಆ ಹೊತ್ತಿಗೆ ಯುದ್ಧ ಶುರುವೇ ಆಗಿಲ್ಲ, ಕೃಷ್ಣ ಆಯುಧ ಮುಟ್ಟಿಲ್ಲ, ಕರ್ಣನನ್ನ ಹತ್ರ ಕೂರಿಸ್ಕೊಂಡು ಹುಟ್ಟಿನ ಗುಟ್ಟು ಹೇಳಿದ್ದಾನೆ ಅಷ್ಟೆ, ಹಾಗಿದ್ರೂ ಕರ್ಣ ಕೌರವನನ್ನ ನೀನೇ ಕೊಂದೆ ಅಂತಾನೆ. ಯಾಕೆ? ಇದಕ್ಕೆ ಒಬ್ಬನ ಹತ್ರ ಪೂರ್ತಿ ಉತ್ತರ ಇರಲ್ಲ, ಇಬ್ರೂ ಮತ್ತೆ ಪದ್ಯಕ್ಕೆ ಹೋಗ್ಲೇಬೇಕು.

ಎರಡನೇದು, ನೇರ ಮಾತಿಗೆ ಬಿಡಬೇಡಿ. ಮೊದಲು ಎರಡು ನಿಮಿಷ ಒಬ್ಬೊಬ್ರೇ ಸುಮ್ನೆ ಕೂತು ಎರಡು ಸಾಲು ಬರೀಲಿ. ಟ್ರೈನಿಂಗಲ್ಲಿ ಥಿಂಕ್ ಪೇರ್ ಶೇರ್ ಅಂತಾರಲ್ಲ, ಮೊದಲು ಒಬ್ರೇ ಯೋಚಿಸೋದು, ಆಮೇಲೆ ಜೋಡೀಲಿ ಮಾತು, ಕೊನೆಗೆ ಎಲ್ಲರ ಮುಂದೆ ಹೇಳೋದು, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫ್ರಾಂಕ್ ಲೈಮನ್ 1981ರಲ್ಲಿ ಹೇಳಿದ ಕ್ರಮ ಅದು, ಅದರಲ್ಲಿ ಮೊದಲನೇ ಮೆಟ್ಟಿಲನ್ನೇ ನಾವೆಲ್ಲ ಹಾರಿಬಿಡ್ತೀವಿ. ಬೇಗ ತೋಚೋ ಮಗು ಶುರು ಮಾಡಿಬಿಡುತ್ತೆ, ನಿಧಾನಕ್ಕೆ ಯೋಚಿಸೋ ಮಗು ಅಲ್ಲೇ ಉಳಿಯುತ್ತೆ. ಮೇರಿ ಬಡ್ ರೋ ಅನ್ನೋ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸುಗಳ ರೆಕಾರ್ಡಿಂಗ್ ಕೇಳಿ ನೋಡಿದಾಗ, ಟೀಚರ್‌ಗಳು ಪ್ರಶ್ನೆ ಕೇಳಿದ ಮೇಲೆ ಕಾಯೋದು ಬರೀ 1 ಸೆಕೆಂಡ್ ಅಷ್ಟು ಅಂತ ಗೊತ್ತಾಯ್ತು, ಅದನ್ನ 3 ಸೆಕೆಂಡ್ ಮಾಡಿದ್ರೆ ಸಾಕು ಉತ್ತರ ಉದ್ದ ಆಗುತ್ತೆ, ಮಾತಾಡದ ಮಕ್ಕಳೂ ಮಾತಾಡ್ತಾರೆ. ಇದನ್ನ ಓದಿದ ಮೇಲೆ ನಾನು ಪ್ರಶ್ನೆ ಕೇಳಿ ಕಿಟಕಿ ಹತ್ರ ಹೋಗಿ ನಿಲ್ತಿದ್ದೆ.

ಕೊನೆಗೆ ಎಲ್ಲರ ಮುಂದೆ ಹೇಳುವಾಗ ನಿನ್ನ ಅಭಿಪ್ರಾಯ ಹೇಳು ಅನ್ಬೇಡಿ, ನಿನ್ನ ಜೊತೆಯವನು ಏನಂದ ಅದನ್ನ ಹೇಳು ಅನ್ನಿ. ಆಗ ಕೇಳಿಸ್ಕೊಳ್ಳೋದೂ ಒಂದು ಕೆಲಸ ಆಗುತ್ತೆ.

ಸಂಪಾಜೆಯವ:

ನಾನು ಟೀಚರ್ ಅಲ್ಲ, ಆದ್ರೆ ಇದು ಓದಿ ಸುಮ್ಮನೆ ಇರ್ಲಿಕ್ಕೆ ಆಗ್ಲಿಲ್ಲ. ನಮ್ಮ ಕಡೆ ತಾಳಮದ್ದಳೆಯಲ್ಲಿ ಕರ್ಣಭೇದನ ಅಂತ ಪ್ರಸಂಗ ಉಂಟು, ಇದೇ ಕೃಷ್ಣ ಕರ್ಣರ ಮಾತುಕತೆ. ವೇಷ ಇಲ್ಲ ಕುಣಿತ ಇಲ್ಲ, ಭಾಗವತರು ಪದ ಹೇಳಿದ ಮೇಲೆ ಇಬ್ರು ಎದುರುಬದುರು ಕೂತು ಬಾಯಿಪಾಠ ಇಲ್ಲದೆ ಅರ್ಥ ಹೇಳೋದು. ಕೃಷ್ಣ ಒಂದು ಪಟ್ಟು ಹಾಕಿದ್ರೆ ಕರ್ಣ ಅದನ್ನ ಬಿಡಿಸ್ಬೇಕು, ಎದುರಿನವರು ಏನು ಹೇಳಿದ್ರು ಅಂತ ಕಿವಿ ಕೊಡದಿದ್ರೆ ಬಾಯಿ ತೆರೀಲಿಕ್ಕೇ ಆಗೋದಿಲ್ಲ. ಸಣ್ಣವನಿರುವಾಗ ಅಜ್ಜನ ಪಕ್ಕ ಕೂತು ರಾತ್ರಿ ಒಂದು ಗಂಟೆವರೆಗೆ ಕೇಳಿದ್ದೇನೆ, ಇವತ್ತಿಗೂ ಕರ್ಣ ಅಂದ್ರೆ ನನಗೆ ಪುಸ್ತಕ ನೆನಪಾಗೋದಿಲ್ಲ, ಆ ದನಿ ನೆನಪಾಗ್ತದೆ. ನಿಮ್ಮ ಮಕ್ಕಳಲ್ಲಿ ಒಬ್ರು ಕೃಷ್ಣ ಒಬ್ರು ಕರ್ಣ ಆಗ್ಲಿ, ಮೂರು ನಿಮಿಷ ಆದ ಮೇಲೆ ಅದಲು ಬದಲು ಮಾಡಿ. ಆಗ ಸುಮ್ಮನೆ ಕೂರುವ ಮಗುವಿಗೂ ಅದರದ್ದೇ ಸರದಿ ಬರ್ತದಲ್ಲ.

ಗೋಣಿಕೊಪ್ಪ_ಕನ್ನಡ:

ಬೇಜಾರು ಮಾಡ್ಕೋಬೇಡಿ ಮೇಡಂ, ನಾನೂ ಹೈಸ್ಕೂಲ್ ಟೀಚರೇ. ಎಲ್ಲಾ ಕೇಳೋಕೆ ಚೆನ್ನಾಗಿದೆ, ಆದ್ರೆ ಮಾರ್ಚಲ್ಲಿ ರಿಸಲ್ಟ್ ಕಮ್ಮಿ ಆದ್ರೆ ಉತ್ತರ ಕೊಡ್ಬೇಕಾದೋರು ನಾವು. 100 ಮಾರ್ಕ್ಸಿನ ಪೇಪರ್ ಬರೆಸ್ಬೇಕು, ನಿಧಾನ ಕಲಿಯೋರಿಗೆ ಪಾಸಾಗೋಕೆ ಬೇಕಾದಷ್ಟು ಪ್ರಶ್ನೋತ್ತರ ಆರಿಸಿ ಪಾಸಿಂಗ್ ಪ್ಯಾಕೇಜ್ ಮಾಡ್ಬೇಕು, ಸ್ಪೆಷಲ್ ಕ್ಲಾಸ್ ತಗೋಬೇಕು. ಒಂದು ಪದ್ಯಕ್ಕೆ ಇಷ್ಟು ಪಿರಿಯಡ್ ಎಲ್ಲಿಂದ ತರೋದು?

ಸೋಮವಾರಪೇಟೆ_ಮೇಷ್ಟ್ರು:

ಸರ್, ನಿಮ್ಮ ಒತ್ತಡ ನನಗೆ ಗೊತ್ತು, ನಾನೂ ಅದರಲ್ಲೇ ಇದ್ದವನು. ಸಂದರ್ಭ ಸಹಿತ ಸ್ವಾರಸ್ಯ ಬರೆಯೋಕೆ 3 ಮಾರ್ಕ್ಸ್ ಇದೆಯಲ್ಲ, ಮಕ್ಕಳು ಆಯ್ಕೆ ಸಂದರ್ಭ ಎರಡೂ ಬರೀತಾರೆ, ಸ್ವಾರಸ್ಯ ಬಂದಾಗ ಅದೇ ವಾಕ್ಯನ ತಿರುಗಿಸಿ ಬರೀತಾರೆ. ಯಾರ ಹತ್ರಾನೂ ಬಾಯಿ ಬಿಟ್ಟು ಹೇಳದೇ ಇದ್ದ ಸ್ವಾರಸ್ಯ ಪೇಪರಲ್ಲಿ ಹೇಗೆ ಬರುತ್ತೆ ಹೇಳಿ. ಎರಡು ನಿಮಿಷ ಬರವಣಿಗೆ, ನಾಲ್ಕು ನಿಮಿಷ ಮಾತು, ಐದು ನಿಮಿಷ ಎಲ್ಲರ ಮುಂದೆ. ಪಿರಿಯಡ್ಡಿನ ಕಾಲು ಭಾಗ ಅಷ್ಟೆ, ಅದೂ ಪ್ರತಿ ಪದ್ಯಕ್ಕೆ ಒಂದೇ ಸಲ ಸಾಕು.

ವಿರಾಜಪೇಟೆ_ಹುಡುಗಿ:

ಮಿಸ್, ನಾನು ಈಗ ಡಿಗ್ರಿ ಎರಡನೇ ವರ್ಷ. ಹೈಸ್ಕೂಲಲ್ಲಿ ನಾನೂ ಆ ಹುಡುಗನ ತರಾನೇ ಇದ್ದೆ. ಮನೇಲಿ ಮಲಯಾಳಂ, ಕ್ಲಾಸಲ್ಲಿ ಒಂದ್ಸಲ ಎದ್ದು ಉತ್ತರ ಹೇಳುವಾಗ ಒಂದು ಪದ ತಪ್ಪಿ ಎಲ್ರೂ ನಕ್ಕಿದ್ರು, ಅಲ್ಲಿಗೆ ಮುಗೀತು, ಮತ್ತೆ ಎದ್ದಿಲ್ಲ. ಒಂಬತ್ತನೇ ಕ್ಲಾಸಲ್ಲಿ ಒಬ್ಬರು ಟೀಚರ್ ಹೀಗೆ ಜೋಡಿ ಮಾಡಿದ್ರು, ಆಗ ನನ್ನ ತಪ್ಪು ಕನ್ನಡ ಒಬ್ಬಳಿಗೆ ಮಾತ್ರ ಕೇಳಿಸ್ತಿತ್ತು ಮಿಸ್, ಅದೆಷ್ಟು ಧೈರ್ಯ ಅಂತ ನಿಮಗೆ ಹೇಗೆ ಹೇಳ್ಲಿ ಗೊತ್ತಾಗ್ತಿಲ್ಲ. ಅವಳ ಮನೇಲಿ ಅರೆಭಾಷೆ, ನಮ್ಮ ಕಡೆ ಗೌಡರ ಮಾತು. ಇಬ್ರೂ ನಮ್ಮ ನಮ್ಮ ಭಾಷೇಲಿ ಅರ್ಧ, ಕನ್ನಡದಲ್ಲಿ ಅರ್ಧ ಹೇಳ್ಕೊಂಡು ಆಮೇಲೆ ಕನ್ನಡಕ್ಕೆ ತರ್ತಿದ್ವಿ.

ಅದಕ್ಕೆ ಒಂದು ರಿಕ್ವೆಸ್ಟ್, ಮೊದಲ ಎರಡು ನಿಮಿಷ ಯಾವ ಭಾಷೇಲಿ ಬೇಕಾದ್ರೂ ಮಾತಾಡ್ಲಿ. ಕೊಡವ ತಕ್ಕ್ ಇರ್ಲಿ ತುಳು ಇರ್ಲಿ ಯರವ ಇರ್ಲಿ. ಮತ್ತೆ ಫಸ್ಟ್ ಬರೋರನ್ನ ಹಿಂದೆ ಉಳಿದೋರ ಜೊತೆ ಹಾಕ್ಬೇಡಿ ಮಿಸ್, ಅವರು ಟೀಚರ್ ಆಗಿಬಿಡ್ತಾರೆ, ಇವರು ಮತ್ತೆ ಸ್ಟೂಡೆಂಟೇ.

ನಾಪೋಕ್ಲು_ಟೀಚರ್:

ಎಲ್ರಿಗೂ ಥ್ಯಾಂಕ್ಸ್, ಲೇಟಾಗಿ ಬರೀತಿದ್ದೀನಿ, ಮಧ್ಯೆ ನಾಲ್ಕು ದಿನ ಕರೆಂಟೇ ಇರ್ಲಿಲ್ಲ. ಮೊನ್ನೆ ಮಾಡಿದೆ. ಜೋಡಿ ಬದಲಾಯಿಸಿದೆ, ಬೆಂಚಲ್ಲಿ ಒಬ್ಬೊಬ್ಬರನ್ನ ತಿರುಗಿಸಿ ಮುಖಾಮುಖಿ ಕೂರಿಸಿದೆ, ಅಷ್ಟಕ್ಕೇ ಗಲಾಟೆ ಅರ್ಧ ಕಮ್ಮಿ ಆಯ್ತು, ಪಕ್ಕ ಪಕ್ಕ ಕೂತಾಗ್ಲೇ ಕೂಗೋದು ಅಂತ ಈಗ ಗೊತ್ತಾಯ್ತು. ಪ್ರಶ್ನೆ ಮೇಷ್ಟ್ರು ಕೊಟ್ಟಿದ್ದೇ. ಆ ಹುಡುಗ ಅವನ ಊರಿನವನೇ ಒಬ್ಬನ ಜೊತೆ ಯರವದಲ್ಲೇ ಶುರು ಮಾಡಿದ. ಆಮೇಲೆ ಜೊತೆಯವನು ಎದ್ದು ಹೇಳಿದ, ‘ಮಿಸ್ ಇವನು ಹೇಳೋದು, ತಮ್ಮಂದಿರು ಅಂತ ಗೊತ್ತಾದ ಮೇಲೆ ಬಾಣ ಬಿಡುವಾಗ ಕರ್ಣನ ಕೈ ಸಡಿಲ ಆಗ್ತದೆ, ಕೌರವ ಆ ಕೈ ನಂಬ್ಕೊಂಡೇ ಯುದ್ಧಕ್ಕೆ ಹೊರಟಿದ್ದು.’ ಅಷ್ಟರಲ್ಲಿ ಈ ಹುಡುಗ ಕೂತಲ್ಲಿಂದಲೇ ‘ಬರೀ ಮಾತಲ್ಲೇ ಕೊಂದಿದ್ದು ಮಿಸ್’ ಅಂತ ಸೇರಿಸಿದ. ಎರಡು ವರ್ಷದಲ್ಲಿ ಕ್ಲಾಸಿಗೆಲ್ಲ ಕೇಳೋ ಹಾಗೆ ಅವನು ಆಡಿದ ಮೊದಲ ಮಾತು ಅದು, ನನಗೆ ಸ್ವಲ್ಪ ಹೊತ್ತು ಬೋರ್ಡ್ ಕಡೆ ತಿರುಗಿ ನಿಲ್ಬೇಕಾಯ್ತು.

ಇನ್ನೂ ಎಲ್ಲಾ ಸರಿ ಹೋಗಿಲ್ಲ, ನಾಲ್ಕೈದು ಜೋಡಿ ಎರಡು ಮಾತಾಡಿ ಸುಮ್ಮನಾಗ್ತಾರೆ. ಶುಕ್ರವಾರ ‘ವೃಕ್ಷಸಾಕ್ಷಿ’ ಪಾಠ ಶುರು ಮಾಡ್ತೀನಿ, ತಪ್ಪು ಅಂತ ಗೊತ್ತಿದ್ದೂ ಮಗನ ಮಾತಿಗೆ ಅಪ್ಪ ಸುಳ್ಳು ಸಾಕ್ಷಿ ಹೇಳೋಕೆ ಮರದ ಪೊಟರೇಲಿ ಯಾಕೆ ಕೂತ ಅಂತ ಕೇಳೋಣ ಅಂದ್ಕೊಂಡಿದ್ದೀನಿ. ಒಂದು ಡೌಟು, ಯಾರಾದ್ರೂ ಆಬ್ಸೆಂಟ್ ಆದ್ರೆ ಒಂದು ಬೆಂಚಲ್ಲಿ ಮೂರು ಜನ ಆಗ್ತಾರೆ, ಆಗ ಏನ್ ಮಾಡೋದು?

ಸಂಪಾಜೆಯವ:

ಮೂರನೆಯವರು ಭಾಗವತರು ಮೇಡಂ. ಪಾಠದ ಆ ಭಾಗ ಜೋರಾಗಿ ಓದಿ ಮಾತು ಶುರು ಮಾಡಿಸ್ಲಿ, ಇಬ್ರಲ್ಲಿ ಒಬ್ರು ಪಾಠ ಬಿಟ್ಟು ಎಲ್ಲೆಲ್ಲೋ ಹೋದ್ರೆ ಮತ್ತೆ ಅದೇ ಸಾಲು ಓದಿ ವಾಪಸ್ ಕರೀಲಿ.